ಆಮ್ಲ ಕೊರೆದ ಸಿಪಾಯಿಗಳು

ಮೂವರು ಸಿಪಾಯಿಗಳು ಸಾಲಾಗಿ ನಿಂತಿದ್ದಾರೆ. ಕೈಯಲ್ಲಿ ಹಾಲ್ಬರ್ಡ್. ಉದ್ದ ಕೋಲಿನ ತುದಿಗೆ ಕೊಡಲಿಯನ್ನೂ ಈಟಿಯನ್ನೂ ಒಟ್ಟಿಗೆ ಕೂರಿಸಿದ ಆಯುಧ ಅದು. ತಲೆ ಮೇಲೆ ಗರಿ ಸಿಕ್ಕಿಸಿದ ಟೊಪ್ಪಿಗೆ. ಮೈಮೇಲಿನ ಬಟ್ಟೆಯನ್ನಂತೂ ಯಾರೋ ಬೇಕಂತಲೇ ಬ್ಲೇಡಿನಿಂದ ಸೀಳಿದ ಹಾಗಿದೆ. ಇವರ ಸುತ್ತ ಯುದ್ಧವಿಲ್ಲ, ಹೆಣವಿಲ್ಲ, ಹೊಗೆಯಿಲ್ಲ. ಮೂವರೂ ಫೋಟೋಗೆ ನಿಂತವರ ಹಾಗೆ ಠೀವಿಯಿಂದ ನಿಂತಿದ್ದಾರೆ.

ಈ ಚಿತ್ರ ಮಾಡಿದವನು ಡೇನಿಯಲ್ ಹಾಪ್ಫರ್. ಊರು ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್, ಕಾಲ ಸುಮಾರು 1510. ಆಗಿನ ಕಾಲದ ಸಿಪಾಯಿಗಳ ಚಿತ್ರ ಬೇಕಾದಷ್ಟಿವೆ, ಇದೂ ಅವುಗಳಲ್ಲೊಂದು ಅಂತ ಮುಂದೆ ಹೋಗಬಹುದಿತ್ತು. ಆದರೆ ಇದನ್ನು ಅಚ್ಚು ಹಾಕಿದ ಮೂಲ ತಗಡೇ ಇವತ್ತಿಗೂ ಇದೆ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿ. ಅದು ಮರದ್ದಲ್ಲ, ತಾಮ್ರದ್ದಲ್ಲ, ಕಬ್ಬಿಣದ್ದು. ಅದರ ಮೇಲಿನ ಗೆರೆಗಳನ್ನು ಉಳಿಯಿಂದ ಕೊರೆದಿಲ್ಲ. ಆಮ್ಲದಿಂದ ತಿನ್ನಿಸಿದ್ದಾರೆ.

ಈ ವಿಧಾನವನ್ನೇ ಎಚಿಂಗ್ ಅನ್ನುವುದು. ಮುಂದೆ ರೆಂಬ್ರಾಂಟ್‌ನಂಥ ಕಲಾವಿದರ ಕೈಯಲ್ಲಿ ದೊಡ್ಡ ಹೆಸರು ಮಾಡಿದ ಈ ಕಲೆ, ಕಾಗದಕ್ಕೆ ಬಂದಿದ್ದು ಕಲಾವಿದರ ಮನೆಯಿಂದಲ್ಲ. ಯುದ್ಧದ ಕವಚ ಮಾಡುವ ಕಾರ್ಖಾನೆಯಿಂದ.

ಆಗ ಆಗ್ಸ್‌ಬರ್ಗ್ ಅಂದರೆ ದುಡ್ಡಿನ ಊರು. ಚಕ್ರವರ್ತಿಗಳಿಗೇ ಸಾಲ ಕೊಡುತ್ತಿದ್ದ ಫುಗ್ಗರ್ ಮನೆತನ ಅಲ್ಲಿತ್ತು. ಚಕ್ರವರ್ತಿ ಮೊದಲನೇ ಮ್ಯಾಕ್ಸಿಮಿಲಿಯನ್ ಅಲ್ಲಿಗೆ ಪದೇ ಪದೇ ಬರುತ್ತಿದ್ದ. ಯುರೋಪಿನ ಅತ್ಯುತ್ತಮ ಕವಚಗಳನ್ನು ಮಾಡುತ್ತಿದ್ದ ಹೆಲ್ಮ್‌ಶ್ಮಿಡ್ ಕುಟುಂಬವೂ ಅದೇ ಊರಿನದು. ಶ್ರೀಮಂತರಿಗೆ ಗಟ್ಟಿ ಕವಚವಷ್ಟೇ ಸಾಲದು, ಅದರ ಮೇಲೆ ಹೂವು, ಬಳ್ಳಿ, ಸಂತರ ಚಿತ್ರ ಎಲ್ಲ ಬೇಕು. ಗಡಸು ಉಕ್ಕಿನ ಮೇಲೆ ಉಳಿಯಿಂದ ಬಳ್ಳಿ ಕೊರೆಯುತ್ತಾ ಕೂತರೆ ಕೈ ಬಿದ್ದುಹೋಗುತ್ತದೆ, ಅಲ್ವಾ? ಅದಕ್ಕೇ ಕವಚದ ಕೆಲಸಗಾರರು 15ನೇ ಶತಮಾನದಲ್ಲೇ ಆಮ್ಲದ ದಾರಿ ಹಿಡಿದಿದ್ದರು.

ಉಪಾಯ ಸರಳವಾದದ್ದು. ಲೋಹದ ಮೇಲೆ ಮೇಣವನ್ನೋ ಎಣ್ಣೆ ಬಣ್ಣವನ್ನೋ ಬಳಿಯಬೇಕು. ಆಮ್ಲ ತಗಲಬೇಕಾದ ಕಡೆ ಮಾತ್ರ ಅದನ್ನು ಸೂಜಿಯಿಂದ ಕೆರೆದು ತೆಗೆಯಬೇಕು. ಆಮ್ಲ ಸುರಿದರೆ ಲೋಹ ಬರಿಮೈಯಾಗಿರುವ ಕಡೆಯಷ್ಟೇ ಕರಗಿ ತಗ್ಗಾಗುತ್ತದೆ. ಆಮೇಲೆ ಮೇಣ ಒರೆಸಿದರೆ ಚಿತ್ರ ರೆಡಿ. ಕವಚದ ಮೇಲಾದರೆ ಆ ತಗ್ಗಿಗೆ ಕಪ್ಪು ಬಣ್ಣ ತುಂಬುತ್ತಿದ್ದರು. ಹಾಪ್ಫರ್ ಇದೇ ಕೆಲಸದಲ್ಲಿ ಪಳಗಿದವನು. ಹುಟ್ಟಿದ್ದು ಸುಮಾರು 1471ರಲ್ಲಿ, ಕೌಫ್‌ಬ್ಯೂರೆನ್ ಎಂಬ ಊರಲ್ಲಿ. 1493ರಲ್ಲಿ ಆಗ್ಸ್‌ಬರ್ಗ್‌ನ ಪೌರನಾದ. ಅವನ ಕೈಯದ್ದು ಅಂತ ಖಚಿತವಾಗಿ ಹೇಳಬಹುದಾದ ಆಯುಧಗಳು ತೀರಾ ಕಡಿಮೆ. ಮ್ಯಾಡ್ರಿಡ್‌ನ ರಾಜ ಶಸ್ತ್ರಾಗಾರದಲ್ಲಿ ಒಂದು ಗುರಾಣಿ, ನ್ಯೂರೆಂಬರ್ಗ್‌ನ ಮ್ಯೂಸಿಯಂನಲ್ಲಿ ಒಂದು ಖಡ್ಗ.

ತಗ್ಗಿಗೆ ಕಪ್ಪು ತುಂಬಿದ ಲೋಹದ ಮೇಲೆ ಒದ್ದೆ ಕಾಗದ ಇಟ್ಟು ಜೋರಾಗಿ ಒತ್ತಿದರೆ ಏನಾಗುತ್ತದೆ? ಕಪ್ಪು ಕಾಗದಕ್ಕೆ ಅಂಟಿಕೊಳ್ಳುತ್ತದೆ. ಅಚ್ಚಿನ ಎಚಿಂಗ್‌ನ ಗುಟ್ಟು ಇಷ್ಟೇ. ತಾಮ್ರದ ತಗಡಿನಲ್ಲಿ ಉಳಿಯಿಂದ ಕೊರೆದು ಅಚ್ಚು ಹಾಕುವ ಪದ್ಧತಿ ಆಗಲೇ ಇತ್ತು. ಹಾಗಾಗಿ ಆಮ್ಲ, ಕಬ್ಬಿಣ, ಕಾಗದ ಈ ಮೂರನ್ನೂ ಸೇರಿಸುವುದೊಂದೇ ಬಾಕಿ ಇತ್ತು. ಸುಮಾರು 1500ರ ಹೊತ್ತಿಗೆ ಹಾಪ್ಫರ್ ಅದನ್ನು ಮಾಡಿದ ಅಂತ ತಜ್ಞರ ಅಂದಾಜು. 1590ರಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫ್ ಹಾಪ್ಫರ್‌ನ ಮೊಮ್ಮಗನಿಗೆ ಕುಲೀನ ಪದವಿ ಕೊಟ್ಟಾಗ, ಎಚಿಂಗ್ ಕಲೆಯನ್ನು ಕಂಡುಹಿಡಿದವನು ಇವನ ತಾತ ಅಂತ ಸನ್ನದಿನಲ್ಲೇ ಬರೆಸಿದ. ಮನೆತನ ಹೊಗಳುವ ಕಾಗದಪತ್ರದ ಮಾತನ್ನು ಪೂರ್ತಿ ನಂಬಬೇಕಿಲ್ಲ. ಆದರೂ ತೀರಾ ಸುಳ್ಳೂ ಅಲ್ಲ.

ಇನ್ನು ರಸಾಯನಶಾಸ್ತ್ರಕ್ಕೆ ಬರೋಣ. ಕಬ್ಬಿಣವೇ ಯಾಕೆ? ಕವಚದ ಅಂಗಡಿಯಲ್ಲಿ ಕೈಗೆ ಸಿಗುತ್ತಿದ್ದುದು ಅದೇ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಕಬ್ಬಿಣ ಸುಲಭವಾಗಿ ಸೋಲುವ ಲೋಹ. ಆಗಿನ ಕೈಬರಹದ ಪುಸ್ತಕಗಳಲ್ಲಿ ಕಬ್ಬಿಣ ತಿನ್ನಿಸುವ ದ್ರಾವಣದ ಪಾಕವಿಧಾನಗಳು ಸಿಗುತ್ತವೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಸಾಮಾನು ಅಂದರೆ ವಿನೆಗರ್, ಉಪ್ಪು, ಪಟಿಕ, ಅಮೋನಿಯಂ ಕ್ಲೋರೈಡ್, ತಾಮ್ರದ ಕಿಲುಬು. ಹೆಚ್ಚುಕಡಿಮೆ ಅಡುಗೆಮನೆಯ ಸಾಮಾನೇ. ವಿನೆಗರ್ರಿನಲ್ಲಿರುವ ಆಮ್ಲ ಕಬ್ಬಿಣವನ್ನು ಮೆಲ್ಲಗೆ ಕರಗಿಸುತ್ತದೆ, ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಉಪ್ಪಿನಲ್ಲಿರುವ ಕ್ಲೋರೈಡ್ ಕಬ್ಬಿಣದ ಮೇಲಿನ ತೆಳು ಪದರವನ್ನು ಒಡೆದು ಆಮ್ಲಕ್ಕೆ ದಾರಿ ಮಾಡಿಕೊಡುತ್ತದೆ.

ತಾಮ್ರದ ಕಿಲುಬಿಗೆ ಇಲ್ಲೇನು ಕೆಲಸ? ಅದನ್ನು ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೇಳಬೇಕು. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವಾಗ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರನ್ನೂ ಸುಣ್ಣದ ನೀರನ್ನೂ ಬೆರೆಸುತ್ತಾರೆ. ಹದ ಸರಿಯಾಯಿತೋ ಇಲ್ಲವೋ ನೋಡಲು ಒಂದು ಕಬ್ಬಿಣದ ಕತ್ತಿಯನ್ನು ಅದರೊಳಗೆ ಅದ್ದುತ್ತಾರೆ. ಕತ್ತಿ ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕು ಅಂತ ಅರ್ಥ. ಆ ಕೆಂಪು ತಾಮ್ರದ್ದು. ನೀರಿನಲ್ಲಿ ಕರಗಿದ್ದ ತಾಮ್ರ ಕತ್ತಿಯ ಮೇಲೆ ಕೂತಿದೆ, ಅದಕ್ಕೆ ಬದಲಾಗಿ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಇಳಿದಿದೆ. ಕಿಲುಬು ಬೆರೆತ ವಿನೆಗರ್ ಕಬ್ಬಿಣದ ತಗಡಿನ ಮೇಲೆ ಬಿದ್ದಾಗ ಆಗುತ್ತಿದ್ದುದೂ ಇದೇ. ಮೇಣ ಕೆರೆದ ಗೆರೆಯಲ್ಲಿ ತಾಮ್ರ ಕೆಂಪಗೆ ಕೂರುತ್ತಿತ್ತು, ಅಡಿಯಲ್ಲಿ ಕಬ್ಬಿಣ ಕರಗುತ್ತಿತ್ತು.

ತಾಮ್ರದ ತಗಡಿಗೆ ಈ ಮೆತ್ತಗಿನ ದ್ರಾವಣದಿಂದ ಹೆಚ್ಚೇನೂ ಆಗುವುದಿಲ್ಲ. ಸಾದಾ ಆಮ್ಲದಲ್ಲಿ ತಾಮ್ರ ಹೈಡ್ರೋಜನ್ನನ್ನು ಹೊರದಬ್ಬಲಾರದು. ಅದನ್ನು ತಿನ್ನಿಸಲು ನೈಟ್ರಿಕ್ ಆಮ್ಲದಂಥ ಖಾರದ್ದೇ ಬೇಕು. ಆ ಖಾರವನ್ನು ತಡೆದುಕೊಳ್ಳುವ ಮೇಣವೂ ಬೇಕು. ಹಾಗಾಗಿ ಮೊದಮೊದಲ ಜರ್ಮನ್ ಎಚಿಂಗ್‌ಗಳು ಕಬ್ಬಿಣಕ್ಕೇ ಅಂಟಿಕೊಂಡವು. ಅಂದ ಹಾಗೆ, ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡಿದವರಿಗೆ ಫೆರಿಕ್ ಕ್ಲೋರೈಡಿನ ಕಂದು ನೀರು ನೆನಪಿರಬಹುದು. ಬೇಕಾದ ತಾಮ್ರವನ್ನು ಮುಚ್ಚಿ, ಬೇಡದ ತಾಮ್ರವನ್ನು ಕರಗಿಸುವ ಆ ಕೆಲಸ ಹಾಪ್ಫರ್‌ನದೇ ವಂಶದ್ದು.

ಈಗ ಗೆರೆಯನ್ನು ಹತ್ತಿರದಿಂದ ನೋಡೋಣ. ತಾಮ್ರವನ್ನು ಉಳಿಯಿಂದ ಕೊರೆಯುವ ಕೆಲಸ ಅಕ್ಕಸಾಲಿಗರದು. ಉಳಿಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳಬೇಕು. ಒತ್ತಿದರೆ ಗೆರೆ ದಪ್ಪವಾಗುತ್ತದೆ, ಬಿಟ್ಟರೆ ಸಣ್ಣಗಾಗುತ್ತಾ ಚೂಪಾಗಿ ಮುಗಿಯುತ್ತದೆ. ನೋಡಲು ಚೆಂದ, ಆದರೆ ಕಲಿಯಲು ವರ್ಷಗಟ್ಟಲೆ ಬೇಕು. ಎಚಿಂಗ್‌ನಲ್ಲಿ ಸೂಜಿ ಓಡುವುದು ಮೇಣದ ಮೇಲೆ. ಮೇಣಕ್ಕೆ ಸೂಜಿಯನ್ನು ತಡೆಯುವ ಶಕ್ತಿಯೇ ಇಲ್ಲ. ಕಾಗದದ ಮೇಲೆ ಪೆನ್ನು ಓಡಿದ ಹಾಗೆ ಕೈ ಹೋದ ಕಡೆಗೆಲ್ಲ ಗೆರೆ ಹೋಗುತ್ತದೆ. ಸುರುಳಿ, ಗೀಚು, ಚುಕ್ಕೆ ಎಲ್ಲವೂ ಸಲೀಸು. ಆದರೆ ಆಮ್ಲಕ್ಕೆ ಕಲಾವಿದನ ಮನಸ್ಸು ಗೊತ್ತಿಲ್ಲ. ಒಂದೇ ಸಲ ತಿನ್ನಿಸಿದ ತಗಡಿನಲ್ಲಿ ಎಲ್ಲ ಗೆರೆಗಳೂ ಹೆಚ್ಚುಕಡಿಮೆ ಒಂದೇ ಆಳ, ಒಂದೇ ದಪ್ಪ. ತುದಿಗಳು ಮೊಂಡು. ಜೊತೆಗೆ ಆಗಿನ ಕಬ್ಬಿಣದಲ್ಲಿ ಕಿಟ್ಟ ಸೇರಿರುತ್ತಿತ್ತು. ಹಾಗಾಗಿ ಆಮ್ಲ ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ ತಿನ್ನುತ್ತಿತ್ತು. ಗೆರೆಯ ಅಂಚು ಒರಟು.

ನನ್ನ ಪ್ರಕಾರ ಈ ಒರಟುತನವೇ ಹಾಪ್ಫರ್‌ನ ಸಿಪಾಯಿಗಳಿಗೆ ಒಪ್ಪಿದೆ. ಯಾಕೆ ಅಂತ ತಿಳಿಯಬೇಕಾದರೆ ಈ ಸಿಪಾಯಿಗಳು ಯಾರು ಅಂತ ತಿಳಿಯಬೇಕು.

ಇವರು ಲಾಂಡ್ಸ್‌ಕ್ನೆಖ್ಟ್‌ಗಳು. ಮ್ಯಾಕ್ಸಿಮಿಲಿಯನ್ 1480ರ ದಶಕದಲ್ಲಿ ಕಟ್ಟಿದ ಜರ್ಮನ್ ಕಾಲಾಳುಪಡೆ. ಅಲ್ಲಿಯವರೆಗೆ ಯುದ್ಧಭೂಮಿಯಲ್ಲಿ ದೊಡ್ಡಸ್ತಿಕೆಯೆಲ್ಲ ಕುದುರೆ ಮೇಲಿನ ಕುಲೀನರದು. ಸ್ವಿಟ್ಜರ್ಲೆಂಡಿನ ರೈತಾಪಿ ಜನ ಉದ್ದದ ಭರ್ಜಿ ಹಿಡಿದು, ಒತ್ತೊತ್ತಾಗಿ ಚೌಕ ಕಟ್ಟಿ ನಿಂತು ಆ ಕುದುರೆಗಳನ್ನು ಮಣ್ಣುಮುಕ್ಕಿಸಿದರು. ಮ್ಯಾಕ್ಸಿಮಿಲಿಯನ್ ಅದೇ ವರಸೆಯನ್ನು ತನ್ನವರಿಗೆ ಕಲಿಸಿದ. ಭರ್ಜಿಯ ಉದ್ದ ನಾಲ್ಕರಿಂದ ಐದು ಮೀಟರ್. ಸಾಮಾನ್ಯ ಸಿಪಾಯಿಗೆ ತಿಂಗಳಿಗೆ 4 ಗುಲ್ಡೆನ್ ಸಂಬಳ. ಮುಂಚೂಣಿಯಲ್ಲಿ ನಿಲ್ಲುವ ಅನುಭವಿಗಳಿಗೆ ಅದರ ಎರಡರಷ್ಟು. ಆಯುಧ, ಬಟ್ಟೆ ಎಲ್ಲ ಅವರವರದೇ ಖರ್ಚು. ಯುದ್ಧ ಮುಗಿದರೆ ಕೆಲಸವೂ ಮುಗಿಯಿತು. ಸರಳವಾಗಿ ಹೇಳಬೇಕೆಂದರೆ ಇವರು ಕೂಲಿ ಸೈನಿಕರು.

ಅವರ ಬಟ್ಟೆಯೇ ಒಂದು ಕಥೆ. ಆಗಿನ ಯುರೋಪಿನಲ್ಲಿ ಯಾರು ಎಂಥ ಬಟ್ಟೆ ತೊಡಬೇಕು ಅನ್ನುವುದಕ್ಕೂ ಕಾನೂನು ಇತ್ತು. ರೈತ ರೇಷ್ಮೆ ಉಡುವ ಹಾಗಿಲ್ಲ, ಕುಶಲಕರ್ಮಿಗೆ ಇಂಥ ತುಪ್ಪಳ ಬೇಡ, ಹೀಗೆ. ಲಾಂಡ್ಸ್‌ಕ್ನೆಖ್ಟ್‌ಗಳಿಗೆ ಮಾತ್ರ ಈ ಕಟ್ಟು ಸಡಿಲ. ಅವರು ಹೊರಗಿನ ಬಟ್ಟೆಯನ್ನು ಉದ್ದುದ್ದ ಸೀಳಿ, ಒಳಗಿನ ಬೇರೆ ಬಣ್ಣದ ಅಸ್ತರಿಯನ್ನು ಆ ಸೀಳುಗಳಿಂದ ಹೊರಕ್ಕೆ ಎಳೆದು ಉಬ್ಬಿಸುತ್ತಿದ್ದರು. ಎಡಗಾಲಿಗೆ ಒಂದು ಬಣ್ಣ, ಬಲಗಾಲಿಗೆ ಇನ್ನೊಂದು. ಅಗಲ ಟೊಪ್ಪಿಗೆಗೆ ಉಷ್ಟ್ರಪಕ್ಷಿಯ ಗರಿ. ಸೊಂಟದಲ್ಲಿ ಅಡ್ಡಲಾಗಿ ತೂಗುವ ಗಿಡ್ಡ ಕತ್ತಿ. ನಾಳೆ ಇರುತ್ತೇನೋ ಇಲ್ಲವೋ, ಇವತ್ತು ಮೆರೆಯುತ್ತೇನೆ ಅನ್ನುವ ಜನ.

ಇಂಥ ಬಟ್ಟೆಯನ್ನು ಚಿತ್ರಿಸಲು ಏನು ಬೇಕು? ನಯವಾದ ನೆರಳು ಬೆಳಕು ಅಷ್ಟಾಗಿ ಬೇಡ. ಬೇಕಾದ್ದು ಗೆರೆ, ಗೆರೆ, ಇನ್ನಷ್ಟು ಗೆರೆ. ತೋಳಿನ ಒಂದೊಂದು ಸೀಳಿಗೂ ಒಂದು ಗೀಟು, ಗರಿಯ ಒಂದೊಂದು ಎಳೆಗೂ ಒಂದು ಸುರುಳಿ. ಮೇಣದ ಮೇಲೆ ಓಡುವ ಸೂಜಿಗೆ ಹೇಳಿ ಮಾಡಿಸಿದ ಕೆಲಸ. ಹಾಪ್ಫರ್‌ನ ಸಿಪಾಯಿಗಳ ತೋಳನ್ನು ದೊಡ್ಡದು ಮಾಡಿ ನೋಡಿದರೆ ಇದು ಕಾಣುತ್ತದೆ. ಬಟ್ಟೆಯ ಸೀಳೂ ಆಮ್ಲ ತಿಂದ ಗೆರೆಯೂ ಒಂದೇ ಥರದ ಗಾಯ. ಕವಚದ ಮೇಲೆ ಬಳ್ಳಿ ಬಿಡಿಸಿ ಪಳಗಿದ ಕೈಗೆ ಖಾಲಿ ಜಾಗ ಕಂಡರೆ ತುಂಬಿಸುವ ಚಟ. ಆ ಚಟಕ್ಕೆ ಇವರ ಮೈಯೇ ಬಯಲಾಯಿತು.

ಇನ್ನೊಂದು ತಮಾಷೆ ಇದೆ. ಈ ಸಿಪಾಯಿಗಳ ವೇಷ ಎಷ್ಟು ಜನಪ್ರಿಯವಾಯಿತೆಂದರೆ ಕುಲೀನರೂ ಅದನ್ನು ನಕಲು ಮಾಡತೊಡಗಿದರು. ಬರೀ ಬಟ್ಟೆಯಲ್ಲಲ್ಲ, ಉಕ್ಕಿನಲ್ಲೂ! ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿ ವಿಲ್‌ಹೆಲ್ಮ್ ಫಾನ್ ರೋಗೆನ್‌ಡಾರ್ಫ್ ಎಂಬ ಸೇನಾಪತಿಯ ಕವಚ ಇದೆ. 1529ರಲ್ಲಿ ತುರ್ಕರು ವಿಯೆನ್ನಾಕ್ಕೆ ಮುತ್ತಿಗೆ ಹಾಕಿದಾಗ ಊರನ್ನು ಕಾಪಾಡಿದವರಲ್ಲಿ ಇವನೂ ಒಬ್ಬ. ಕವಚ ಮಾಡಿದವನು ಆಗ್ಸ್‌ಬರ್ಗ್‌ನ ಕೋಲ್ಮನ್ ಹೆಲ್ಮ್‌ಶ್ಮಿಡ್, 1520ರ ದಶಕದಲ್ಲಿ. ತೋಳುಗಳು ಬಲೂನಿನಂತೆ ಉಬ್ಬಿವೆ. ಉಬ್ಬಿನ ಮೇಲೆ ಲಾಂಡ್ಸ್‌ಕ್ನೆಖ್ಟ್ ಅಂಗಿಯ ಸೀಳುಗಳನ್ನೇ ಹೋಲುವ ಸಾಲು ಸಾಲು ನಕ್ಷೆ, ಆಮ್ಲದಿಂದ ತಿನ್ನಿಸಿದ್ದು. ಆ ಕೆಲಸ ಡೇನಿಯಲ್ ಹಾಪ್ಫರ್‌ನದು ಅಂತ ತಜ್ಞರು ಹೇಳುತ್ತಾರೆ. ಬಡ ಸಿಪಾಯಿ ಹರಿದ ಬಟ್ಟೆಯಲ್ಲಿ ಮೆರೆದ, ದೊಡ್ಡವನು ಅದೇ ಹರಿದ ಬಟ್ಟೆಯನ್ನು ಉಕ್ಕಿನಲ್ಲಿ ಮಾಡಿಸಿಕೊಂಡ. ಇಬ್ಬರ ಮೇಲೂ ಗೆರೆ ಎಳೆದದ್ದು ಒಂದೇ ಕೈ, ಒಂದೇ ಆಮ್ಲ.

ಹಾಪ್ಫರ್ ಬರೀ ಹೆಸರಿಲ್ಲದ ಸಿಪಾಯಿಗಳನ್ನಷ್ಟೇ ಮಾಡಲಿಲ್ಲ. ಮ್ಯಾಕ್ಸಿಮಿಲಿಯನ್‌ನ ವಿದೂಷಕ ಕುಂಟ್ಸ್ ಫಾನ್ ಡೆರ್ ರೋಸೆನ್‌ನನ್ನೂ ಚಿತ್ರಿಸಿದ್ದಾನೆ. ವಿದೂಷಕ ಅಂದರೆ ಗೆಜ್ಜೆ ಟೊಪ್ಪಿಗೆಯ ಕೋಡಂಗಿ ಅಂದುಕೊಂಡೀರಿ. ಇಲ್ಲಿರುವವನು ಪೊದೆಗಡ್ಡದ ಧಾಂಡಿಗ, ಕೈ ಕತ್ತಿಯ ಮೇಲಿದೆ, ಮುಖ ನೋಡಿದರೆ ಎದುರಿಗೆ ನಗುವ ಧೈರ್ಯ ಬರುವುದಿಲ್ಲ. ಇಂಥ ಕಡೆ ಹಾಪ್ಫರ್ ಗೆರೆಯ ಜೊತೆಗೆ ಇನ್ನೊಂದು ಪ್ರಯೋಗವನ್ನೂ ಮಾಡಿದ್ದಾನೆ. ಆಮ್ಲವನ್ನು ತಗಡಿನ ಬಯಲು ಜಾಗಕ್ಕೇ ತಗಲಿಸಿ ತೆಳುವಾದ ಬೂದು ಛಾಯೆ ಬರಿಸಿದ್ದಾನೆ. ಅವನ ಅಲಂಕಾರದ ನಕ್ಷೆಗಳಲ್ಲಿ ತಂತ್ರ ಪೂರ್ತಿ ತಿರುಗುಮುರುಗು. ಬಳ್ಳಿಯನ್ನೇ ಮೇಣದಿಂದ ಬರೆದು, ಹಿನ್ನೆಲೆಯನ್ನು ಆಮ್ಲಕ್ಕೆ ಬಿಟ್ಟಿದ್ದಾನೆ. ಹಾಗೆ ಮಾಡಿದರೆ ಕಪ್ಪು ನೆಲದ ಮೇಲೆ ಬಿಳಿ ಬಳ್ಳಿ ಮೂಡುತ್ತದೆ. ಅದು ಕವಚದವರ ಹಳೇ ಪದ್ಧತಿ.

ಒಂದು ವಿಷಯ ಮಾತ್ರ ನನಗೆ ಚುಚ್ಚುತ್ತದೆ. ಇಷ್ಟೆಲ್ಲ ಚಿತ್ರಗಳಲ್ಲಿ ಈ ಜನ ಮಾಡುತ್ತಿದ್ದ ಕೆಲಸ ಎಲ್ಲಿದೆ? 1525ರಲ್ಲಿ ಪಾವಿಯಾ ಯುದ್ಧದಲ್ಲಿ ಇವರು ಫ್ರಾನ್ಸಿನ ರಾಜನ ಪಡೆಯನ್ನು ಸೋಲಿಸಿದವರ ಜೊತೆಗಿದ್ದರು, ಆ ರಾಜನೇ ಸೆರೆ ಸಿಕ್ಕಿದ. ಅದಾಗಿ ಎರಡು ವರ್ಷಕ್ಕೆ ಇವರ ಸಂಬಳ ಬಾಕಿ ಬಿತ್ತು. ಸಿಪಾಯಿಗಳು ತಿರುಗಿಬಿದ್ದಾಗ ಸಮಾಧಾನ ಮಾಡಲು ಹೋದ ಅವರ ಮುದಿ ನಾಯಕ ಗಿಯೋರ್ಗ್ ಫಾನ್ ಫ್ರುಂಡ್ಸ್‌ಬರ್ಗ್‌ಗೆ ಅಲ್ಲೇ ಲಕ್ವ ಹೊಡೆಯಿತು. 1527ರ ಮೇ 6ರಂದು ಆ ಸೇನೆ ರೋಮ್ ನಗರಕ್ಕೆ ನುಗ್ಗಿತು. ಕೊಲೆ, ಅತ್ಯಾಚಾರ, ಲೂಟಿ ದಿನಗಟ್ಟಲೆ ನಡೆಯಿತು. ಹಾಪ್ಫರ್‌ನ ಠೀವಿಯ ಸಿಪಾಯಿಗಳಲ್ಲಿ ಇದರ ಸುಳಿವಿಲ್ಲ. ಇವು ಮಾರಾಟಕ್ಕಿದ್ದ ಚಿತ್ರಗಳು. ಕೊಳ್ಳುವವನಿಗೆ ಗರಿ ಬೇಕಿತ್ತು, ಹೆಣ ಬೇಕಿರಲಿಲ್ಲ.

ಹೆಣ ಚಿತ್ರಿಸಿದವನು ಇನ್ನೊಬ್ಬ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಉರ್ಸ್ ಗ್ರಾಫ್. ಕಸುಬಿನಲ್ಲಿ ಅಕ್ಕಸಾಲಿಗ. ಇಟಲಿಯ ಯುದ್ಧಗಳಿಗೆ ತಾನೇ ಕೂಲಿ ಸೈನಿಕನಾಗಿ ಹೋಗಿ ಬಂದವನು. ಸಹಿಯ ಜೊತೆ ಒಂದು ಬಾಕು ಬರೆಯುವ ರೂಢಿ ಅವನದು. ಇಸವಿ ಹಾಕಿದ ಎಚಿಂಗ್‌ಗಳಲ್ಲಿ ನಮಗೆ ಗೊತ್ತಿರುವ ಅತ್ಯಂತ ಹಳೆಯದು ಇವನದೇ, 1513ರದು. ಅದರಲ್ಲಿ ಸಿಪಾಯಿಯಿಲ್ಲ, ಒಬ್ಬಳು ಹುಡುಗಿ ಕಾಲು ತೊಳೆಯುತ್ತಿದ್ದಾಳೆ. ಯುದ್ಧವನ್ನು ಅವನು ಪೆನ್ನಿನ ಚಿತ್ರಕ್ಕೆ ಎತ್ತಿಟ್ಟುಕೊಂಡ. 1521ರ ಒಂದು ಚಿತ್ರದಲ್ಲಿ ನೆಲದ ತುಂಬ ಬಟ್ಟೆ ಕಳಚಿದ ಹೆಣಗಳು, ಹಿಂದೆ ಇನ್ನೂ ನಡೆಯುತ್ತಿರುವ ಕಾದಾಟ, ಮುಂದೆ ಒಬ್ಬ ಸಿಪಾಯಿ ತಲೆಯೆತ್ತಿ ಗಟಗಟ ಕುಡಿಯುತ್ತಿದ್ದಾನೆ. ಅದು ಅಚ್ಚಾಗಿ ಮಾರಾಟಕ್ಕೆ ಹೋಗಲಿಲ್ಲ. ಕಣ್ಣಾರೆ ಕಂಡವನು ಮಾಡಿದ ಚಿತ್ರ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನ್ಯೂರೆಂಬರ್ಗ್‌ನ ಆಲ್ಬ್ರೆಕ್ಟ್ ಡ್ಯೂರರ್ ಕೂಡ ಕಬ್ಬಿಣಕ್ಕೆ ಕೈ ಹಾಕಿದ. ಉಳಿಯ ಕೆಲಸದಲ್ಲಿ ಅವನಿಗೆ ಸಾಟಿಯೇ ಇರಲಿಲ್ಲ. 1515ರಿಂದ 1518ರವರೆಗೆ ಆರು ಎಚಿಂಗ್ ಮಾಡಿದ, ಆಮೇಲೆ ಬಿಟ್ಟುಬಿಟ್ಟ. ಕೂದಲೆಳೆಯಷ್ಟು ಸಣ್ಣ ಗೆರೆ ಎಳೆಯುವವನಿಗೆ ಕಬ್ಬಿಣದ ಮೊಂಡು ಗೆರೆ ಹಿಡಿಸದಿದ್ದರೆ ಆಶ್ಚರ್ಯವೇನಿಲ್ಲ. ಆರರಲ್ಲಿ ಕೊನೆಯದು 1518ರ ಫಿರಂಗಿಯ ಚಿತ್ರ. ಹಳ್ಳಿಯ ಬಯಲಲ್ಲಿ ನ್ಯೂರೆಂಬರ್ಗ್‌ನ ಲಾಂಛನವಿರುವ ದೊಡ್ಡ ಫಿರಂಗಿ, ಅದರ ಕಾವಲಿಗೆ ನಿಂತ ಸೈನಿಕ, ಎದುರಿಗೆ ತುರ್ಕರ ವೇಷದ ಜನ. ಆರರಲ್ಲಿ ಆಮ್ಲದ ಗೆರೆಗೆ ಹೊಂದಿಕೊಂಡು ಬರೆದದ್ದು ಅನ್ನಿಸುವುದು ಇದೇ. ಗೀಚಿದ ಹಾಗಿರುವ ಬೆಟ್ಟ, ಮರ, ಹಳ್ಳಿಯ ಮನೆಗಳು. ಅಷ್ಟು ಕಲಿತ ಮೇಲೆ ಕೈಬಿಟ್ಟನಲ್ಲ ಅಂತ ಬೇಜಾರಾಗುತ್ತದೆ.

1520ರಲ್ಲಿ ನೆದರ್ಲೆಂಡ್ಸ್‌ನ ಲೂಕಾಸ್ ವಾನ್ ಲೈಡನ್, ಮ್ಯಾಕ್ಸಿಮಿಲಿಯನ್‌ನ ಭಾವಚಿತ್ರವನ್ನು ತಾಮ್ರದ ಮೇಲೆ ಆಮ್ಲ, ಉಳಿ ಎರಡನ್ನೂ ಬಳಸಿ ಮಾಡಿದ. ಮೆದುವಾದ, ಒಂದೇ ಹದದ ತಾಮ್ರದಲ್ಲಿ ಆಮ್ಲ ಚೊಕ್ಕವಾಗಿ ಇಳಿಯುತ್ತದೆ, ಬೇಕಾದ ಕಡೆ ಉಳಿಯಿಂದ ತಿದ್ದಲೂಬಹುದು. ನಿಧಾನಕ್ಕೆ ಎಲ್ಲರೂ ಆ ಕಡೆ ಹೊರಳಿದರು. ಹಾಪ್ಫರ್ 1536ರಲ್ಲಿ ತೀರಿಕೊಳ್ಳುವವರೆಗೂ ಕಬ್ಬಿಣವನ್ನು ಬಿಡಲಿಲ್ಲ. ಮಕ್ಕಳಾದ ಹೀರೋನಿಮಸ್, ಲ್ಯಾಂಬರ್ಟ್ ಕೂಡ ಅದರಲ್ಲೇ ಮುಂದುವರಿದರು.

ಆ ಹಟದಿಂದ ನಮಗೆ ಒಂದು ಲಾಭವಾಗಿದೆ. ತಾಮ್ರದ ತಗಡು ಹೆಚ್ಚು ಅಚ್ಚು ಹಾಕಿದಷ್ಟೂ ಸವೆಯುತ್ತದೆ, ಸವೆದ ಮೇಲೆ ಕರಗಿಸಿದರೆ ದುಡ್ಡು. ಕಬ್ಬಿಣ ಗಟ್ಟಿ, ಬೇಗ ಸವೆಯುವುದಿಲ್ಲ. ಹಾಪ್ಫರ್ ಮನೆಯ ತಗಡುಗಳು ರಾಶಿ ರಾಶಿಯಾಗಿ ಉಳಿದುಕೊಂಡವು. 17ನೇ ಶತಮಾನದಲ್ಲಿ ನ್ಯೂರೆಂಬರ್ಗ್‌ನ ಪುಸ್ತಕ ವ್ಯಾಪಾರಿ ಡೇವಿಡ್ ಫುಂಕ್‌ಗೆ ಅವುಗಳಲ್ಲಿ 230 ಸಿಕ್ಕಿದವು. ಅವನು ಒಂದೊಂದು ತಗಡಿಗೂ ಒಂದೊಂದು ಸಂಖ್ಯೆ ಕೊರೆದು ಮತ್ತೆ ಅಚ್ಚು ಹಾಕಿ ಮಾರಿದ. 1802ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸಿಲ್ಬರ್‌ಬರ್ಗ್ ಎಂಬವನು 92 ತಗಡುಗಳಿಂದ ಇನ್ನೊಮ್ಮೆ ಅಚ್ಚು ತೆಗೆದ. ಸುಮಾರು ಮುನ್ನೂರು ವರ್ಷ ಹಳೆಯ ತಗಡು ಆಗಲೂ ಕೆಲಸ ಮಾಡುತ್ತಿತ್ತು.

ತೊಂದರೆ ಒಂದೇ, ತುಕ್ಕು. ಕಬ್ಬಿಣಕ್ಕೆ ಒಂಚೂರು ತೇವ ತಗಲಿದರೆ ಸಾಕು, ಮೈಮೇಲೆ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಅಚ್ಚಿನ ಮಸಿಗೆ ಯಾವುದು ಕಲಾವಿದ ಮಾಡಿದ ತಗ್ಗು, ಯಾವುದು ತುಕ್ಕು ಮಾಡಿದ ತಗ್ಗು ಅನ್ನುವ ಭೇದವಿಲ್ಲ. ಎರಡರಲ್ಲೂ ಕೂರುತ್ತದೆ, ಎರಡೂ ಕಾಗದಕ್ಕೆ ಇಳಿಯುತ್ತವೆ. ದೊಡ್ಡ ಮ್ಯೂಸಿಯಂಗಳು ಈ ಚಿತ್ರಗಳನ್ನು ತಮ್ಮ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ, ಬೇಕಾದಷ್ಟು ದೊಡ್ಡದು ಮಾಡಿ ನೋಡಲು ಬಿಟ್ಟಿವೆ. ಹಾಪ್ಫರ್‌ನ ಚಿತ್ರ ಸಿಕ್ಕರೆ ಮೊದಲು ಡಿ, ಎಚ್ ಎಂಬ ಎರಡು ಅಕ್ಷರ ಹುಡುಕಿ. ಅವುಗಳ ನಡುವೆ ಬಿಯರ್‌ಗೆ ಹಾಕುವ ಹಾಪ್ ಗಿಡದ ಕುಡಿ ಇರುತ್ತದೆ, ಅದು ಅವನ ಗುರುತು. ಆಮೇಲೆ ಕೆಳಭಾಗದಲ್ಲಿ ಚಿತ್ರಕ್ಕೆ ಸಂಬಂಧವೇ ಇಲ್ಲದ ಒಂದು ಸಂಖ್ಯೆ ಇದೆಯೇ ನೋಡಿ. ಇದ್ದರೆ ಆ ಹಾಳೆ ಫುಂಕ್‌ನ ಕಾಲದ್ದು ಅಥವಾ ಅದರ ನಂತರದ್ದು. ಸಂಖ್ಯೆ ಇಲ್ಲದೆ, ಹಿನ್ನೆಲೆ ಚೊಕ್ಕವಾಗಿ ಬೆಳ್ಳಗಿದ್ದರೆ ಹಾಪ್ಫರ್‌ಗೆ ಹತ್ತಿರದ ಕಾಲದ ಅಚ್ಚು ಇರಬಹುದು. ಸಿಪಾಯಿಯ ಮುಖದ ಸುತ್ತ ಸೊಳ್ಳೆ ಹಾರಾಡಿದಂತೆ ಕಪ್ಪು ಚುಕ್ಕೆಗಳಿದ್ದರೆ ಅದು ತುಕ್ಕಿನ ಕೆಲಸ.